ಜ್ವರಕ್ಕೆ ಕೂತ ಕಂಪನಿ

ಶಿಡ್ಲಘಟ್ಟದ ಕಡೆಯಿಂದ ಬಂದರೆ ಮೇಲೂರು ದಾಟಿ ಬಲಕ್ಕೆ
ನನ್ನ ಚಾಕಿ ಮನೆ, ಶೀಟಿನದು.
ಒಳಗೋಡೆಗೆ ಒಂದು ಡಬ್ಬಿ,
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು.
ಕಳಿಸಿದವಳು ಥ್ವೀ,
ವಿಯೆಟ್ನಾಮಿನ ಬಾವ್ ಲೊಕ್ ಎಂಬ ಗುಡ್ಡದೂರಿನವಳು.
ಮೂರೇ ಜನರ ಕಂಪನಿ.
ಅದರಲ್ಲೊಬ್ಬನಿಗೆ ಇನ್ನೂ ಕಾಲೇಜು ಮುಗಿದಿಲ್ಲ.

ಭಾಷೆ ಬರದ ನಾವಿಬ್ಬರೂ
ಫೋನಿನ ಬಾಯಿಂದ ಮಾತಾಡಿದೆವು.
ಸೊಪ್ಪು ಅಂದರೆ ಅದು ಸೂಪು ಅಂತ ದಾಟಿಸಿತು;
ಹುಳಕ್ಕೆ ಸೂಪು ಕುಡಿಸುತ್ತೀರಾ ಅಂತ ಥ್ವೀ ಗಾಬರಿಯಾದಳು.
ಹುಳಕ್ಕೆ ಅವಳು "ತಮ್" ಅಂದದ್ದು
ನನಗೆ ತಮ್ಮ ಅಂತ ಕೇಳಿಸಿತು.
ಹಾಗೇ ಇರಲಿ ಅಂತ ಬಿಟ್ಟೆ.

ಮೊದಮೊದಲು ನಂಬಲಿಲ್ಲ.
ಇಪ್ಪತ್ತೆರಡು ವರ್ಷ ಕೆನ್ನೆಯಲ್ಲೇ ತೇವ ಅಳೆದವಳು ನಾನು.
ಬಾಗಿಲು ತೆರೆದು ಒಂದು ಸಲ ಉಸಿರೆಳೆದರೆ
ಯಾವ ತಟ್ಟೆಯ ಹುಳ ಸಪ್ಪಗಿದೆ, ಹೇಳುತ್ತೇನೆ.
ಏಪ್ರಿಲಿನ ಒಂದು ರಾತ್ರಿ ಎರಡು ಗಂಟೆಗೆ
ಡಬ್ಬಿ ಕಿರುಚಿತು: ತೇವ ಅರವತ್ತೊಂದು.
ಬೈದುಕೊಂಡೇ ಎದ್ದೆ. ನನ್ನ ಕೆನ್ನೆ ನಿದ್ದೆಯಲ್ಲಿತ್ತು.
ಗೋಣಿಚೀಲ ನೆನೆಸಿ ಕಿಟಕಿಗೆಲ್ಲ ಕಟ್ಟಿ
ಕೋಳಿ ಕೂಗುವಷ್ಟರಲ್ಲಿ ಎಂಬತ್ತನಾಲ್ಕಕ್ಕೆ ಏರಿಸಿದೆ.
ಎರಡು ಸಾವಿರ ಮೊಟ್ಟೆಯ ಹುಳ ಉಳಿದವು.
ಆವತ್ತಿನಿಂದ ಡಬ್ಬಿಗೆ ನೀನು ಅಂದಿಲ್ಲ, ನೀವು.

ಮಳೆಗಾಲದಲ್ಲಿ ಒಂದು ಪಟ್ಟಿ ಬಂತು:
ಅವರ ದೇಶದ ಭರವಸೆಯ ಹತ್ತು ಎಳೆ ಕಂಪನಿಗಳು.
ಏಳನೆಯದು ಥ್ವೀಯದು.
ವೇದಿಕೆಯ ಮೇಲೆ ನಿಂತಿದ್ದಾಳೆ, ಹಿಂದಿನ ಪರದೆಯಲ್ಲಿ
ನನ್ನ ಗೋಡೆ, ನನ್ನ ತಟ್ಟೆಗಳು,
ಮೂಲೆಯಲ್ಲಿ ನೇತುಹಾಕಿದ ನನ್ನ ಹಳೇ ಸ್ವೆಟರು.

ಗೂಡು ಕೊಳ್ಳುವ ಅಫ್ಸರ್ ಪಾಷ ನೋಡಿ ಕೇಳಿದ:
"ಭರವಸೆ ಕೇಜಿಗೆಷ್ಟು ಪಿಳ್ಳಕ್ಕಾ?"
ಅವನದೇನೂ ತಪ್ಪಿಲ್ಲ. ಮಾರ್ಕೆಟ್ಟಿನಲ್ಲಿ ಗೂಡನ್ನು
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ,
ಒಳಗಿನದು ಗೋಡೆಗೆ ತಾಕಿದ ಸದ್ದಿಗೇ ಬೆಲೆ.
ಪಟ್ಟಿ ಅಲ್ಲಾಡಿಸಿದರೆ
ಬರುವುದು ಕಾಗದದ ಸದ್ದು.

ದಸರೆ ಕಳೆದು ಫೋನಿಗೆ ಅಂಕಿ ಬರುವುದು ನಿಂತಿತು.
ಕಳಿಸಿದ ಮಾತುಗಳೆಲ್ಲ ಒಂಟಿ ಗೀಟಿನಲ್ಲೇ ಉಳಿದವು.
"ದುಡ್ಡು ಹಾಕಿದವರು ಕೈ ಎತ್ತಿರಬೇಕು,
ಗುಜರಿಗೆ ಹಾಕು" ಅಂದ ಅಫ್ಸರ್.
ಡಬ್ಬಿಯ ನೀಲಿ ದೀಪ ಮಾತ್ರ
ಯಾರಿಗೋ ಕಣ್ಣು ಹೊಡೆಯುತ್ತಲೇ ಇತ್ತು.

ಇಪ್ಪತ್ಮೂರನೇ ದಿನ ಒಂದು ಮಾತು ಬಂತು.
ಫೋನು ಕನ್ನಡ ಮಾಡಿತು: ಮಲಗಿದ್ದೇವೆ.
ಇಲ್ಲಿ ಹಗಲು ಹನ್ನೊಂದು, ಅಲ್ಲಿ ಹನ್ನೆರಡೂವರೆ,
ಇದೆಂಥ ನಿದ್ದೆ?
ಹಿಂದೆಯೇ ಒಂದು ಫೋಟೋ:
ತಲೆ ಎತ್ತಿ, ಮೇಯದೆ, ಅಲುಗದೆ ಕೂತ ಹುಳ.

ಓ.
ಜ್ವರ ಅನ್ನುತ್ತೇವೆ ನಾವು ಅದಕ್ಕೆ.
ಅವರ ಕಡೆ ನಿದ್ದೆ ಅನ್ನುತ್ತಾರಂತೆ.
ಹಳೇ ಚರ್ಮ ಬಿಗಿದು, ಹೊಸದು ಒಳಗೇ ಬೆಳೆಯುತ್ತಾ,
ಗೊತ್ತಿಲ್ಲದವರು ಸತ್ತಿದೆಯೆಂದು
ಪೊರಕೆ ತರುವ ಹೊತ್ತು.

ಎಷ್ಟು ಬೇಕು ಅಂತ ಕೇಳಲು ಬಾಯಿ ಬಂತು,
ಚೀಟಿ ದುಡ್ಡಿತ್ತು, ಹದಿನೆಂಟು ಸಾವಿರ.
ಕೇಳಲಿಲ್ಲ.
ಜ್ವರದ ಹುಳಕ್ಕೆ ಸೊಪ್ಪು ಹಾಕಬಾರದು,
ಸುಣ್ಣದ ಪುಡಿ ಉದುರಿಸಿ, ಗಾಳಿ ಬಿಟ್ಟು,
ಸುಮ್ಮನಿರಬೇಕು.
ಅಥವಾ ಹದಿನೆಂಟು ಸಾವಿರ ಕೊಡಲು ಮನಸ್ಸಿರಲಿಲ್ಲವೋ,
ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮಗಳ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ
ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ
ಡಬ್ಬಿಯ ಮುಖ ನೋಡಿ ಬರೆದಿಡುತ್ತಿದ್ದೇನೆ:
ಶಾಖ ಇಪ್ಪತ್ತೇಳು, ತೇವ ಎಂಬತ್ತಾರು.
ಪಕ್ಕದಲ್ಲಿ ನನ್ನ ಕೆನ್ನೆ ಹೇಳಿದ್ದು.
ಎರಡಕ್ಕೂ ಹೊಂದದ ದಿನಗಳಿಗೆ ಕೆಂಪು ಗೆರೆ.
ಜ್ವರ ಬಿಟ್ಟೆದ್ದ ಹುಳಕ್ಕೆ ಹಸಿವು ಜಾಸ್ತಿ,
ಮೊದಲ ಮೇವಿಗೆ ಇದಾದೀತು.
ಎದ್ದರೆ.

ಇವತ್ತು ಕರೆಂಟಿಲ್ಲ, ದೀಪವೂ ಆರಿದೆ.
ಕೆನ್ನೆಯದಷ್ಟನ್ನೇ ಬರೆದೆ:
ಎಂಬತ್ತೆರಡು. ಎಂಬತ್ಮೂರೂ ಇರಬಹುದು.